ಹಂಡೆಯ ಅಂಚಿನ ಹೆಸರು: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ,

ಆಳಂದ ತಾಲ್ಲೂಕಿನ ನಿವೃತ್ತ ಗ್ರಾಮ ಲೆಕ್ಕಿಗನೊಬ್ಬನ ನಮಸ್ಕಾರಗಳು.

ಸೆಪ್ಟೆಂಬರ್ 17, ಅಂದರೆ 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದ ದಿನ, ಬಂತೆಂದರೆ ಕಲಬುರಗಿಯಲ್ಲಿ ನಿಮ್ಮ ಕಾರ್ಯಕ್ರಮ ಗೊತ್ತಿದ್ದದ್ದೇ. ಪಟೇಲರ ಪ್ರತಿಮೆಗೆ ಮಾಲೆ, ಪೊಲೀಸ್ ಮೈದಾನದಲ್ಲಿ ಧ್ವಜ, ಭಾಷಣ, ಆಮೇಲೆ ಈ ಭಾಗಕ್ಕೆ ಒಂದಷ್ಟು ಘೋಷಣೆ. ಮೂವತ್ತಾರು ವರ್ಷ ಸರಕಾರಿ ನೌಕರಿ ಮಾಡಿದವನು ನಾನು. ಬಿಸಿಲಲ್ಲಿ ಸಾಲಾಗಿ ನಿಂತು ಚಪ್ಪಾಳೆ ಹೊಡೆದಿದ್ದೇನೆ, ಖುಷಿಯಿಂದಲೇ ಹೊಡೆದಿದ್ದೇನೆ. ಈಗ ಬರೆಯುತ್ತಿರುವುದು ಅನುದಾನಕ್ಕಲ್ಲ, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಷಯಕ್ಕೂ ಅಲ್ಲ. 1948ರಲ್ಲಿ ನಮ್ಮ ಊರುಗಳಲ್ಲಿ ಸತ್ತ ನಾಗರಿಕರ ಒಂದು ಲೆಕ್ಕ ಬಾಕಿ ಉಳಿದಿದೆ, ಅದಕ್ಕೆ.

ನಮ್ಮ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ಐದು ಕೊಡ ನೀರು ಹಿಡಿಯುತ್ತದೆ. ಹೊಟ್ಟೆಯೆಲ್ಲ ಹೊಗೆ ಹತ್ತಿ ಕರ್ರಗಾಗಿದೆ, ಕೊರಳ ಹತ್ತಿರ ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕೆಂಪು ಉಳಿದಿದೆ. ನಾನು ಹುಟ್ಟಿದಾಗ ನನಗೆ ಎರೆದದ್ದು ಅದರ ನೀರು, ನನ್ನ ಮೊಮ್ಮಗಳಿಗೆ ಎರೆದದ್ದೂ ಅದರದ್ದೇ. ಅಂಚಿನ ಸುತ್ತ ಸಣ್ಣ ಚುಕ್ಕಿಗಳ ಸಾಲು ಇತ್ತು. ಚಿಕ್ಕವನಿದ್ದಾಗ ಅದನ್ನು ಬಳ್ಳಿಯ ಚಿತ್ತಾರ ಅಂದುಕೊಂಡಿದ್ದೆ.

1982ರಲ್ಲಿ ನೌಕರಿ ಸಿಕ್ಕಿತು. ಜನ ತಲಾಟಿ ಅನ್ನುತ್ತಿದ್ದರು, ವಯಸ್ಸಾದವರು ಇನ್ನೂ ಪಟವಾರಿ ಅಂತಲೇ ಕರೆಯುತ್ತಿದ್ದರು. ನಿಜಾಮರ ಕಾಲದ, ಅದರ ನಂತರದ ಕೆಲವು ವರ್ಷಗಳ ಜಮೀನಿನ ದಾಖಲೆಗಳೆಲ್ಲ ಉರ್ದುವಿನಲ್ಲಿ. ಸೇತ್ವಾರು ಎಂಬ ಮೂಲ ಜಮೀನು ವಹಿ, ಖಾಸ್ರಾ ಪಹಣಿ, ವಿರಾಸತ್ತಿನ ಅಂದರೆ ವಾರಸಾ ನೋಂದಣಿ, ಎಲ್ಲವೂ. ನಮ್ಮ ಭಾಗದಲ್ಲಿ ಉರ್ದು ಬಾರದ ತಲಾಟಿ ಅಂದರೆ ಕಣ್ಣು ಕಟ್ಟಿದ ಗಾಣದ ಎತ್ತು, ಯಾರೋ ಓದಿ ಹೇಳಿದ್ದನ್ನು ನಂಬಿ ಸುತ್ತಬೇಕು. ತಾಲ್ಲೂಕು ಕಚೇರಿಯ ಹಳೆಯ ಗುಮಾಸ್ತರೊಬ್ಬರು ಸಂಜೆ ಹೊತ್ತು ಕೂರಿಸಿಕೊಂಡು ಅಲಿಫ್, ಬೇ ತಿದ್ದಿಸಿದರು. ಎರಡು ವರ್ಷ ಹಿಡಿಯಿತು.

ಆ ವರ್ಷದ ದೀಪಾವಳಿ. ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಸುಣ್ಣದ ಪಟ್ಟೆ ಬಳಿದು, ಹಿಂಡಲಬಳ್ಳಿ ಸುತ್ತುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಬಳ್ಳಿ ಸುತ್ತುತ್ತ ಕೂತವನಿಗೆ ಚುಕ್ಕಿಗಳು ಇದ್ದಕ್ಕಿದ್ದಂತೆ ಅಕ್ಷರಗಳಾದವು. ಒಬ್ಬ ಹೆಣ್ಣುಮಗಳ ಹೆಸರು. ಮುಂದೆ ‘ಬಿಂತ್’, ಅಂದರೆ ಇಂಥವರ ಮಗಳು ಎಂದು ತಂದೆಯ ಹೆಸರು. ಆಮೇಲೆ ನಮ್ಮೂರಿನ ಹೆಸರು. ಕೊನೆಗೆ ಫಸಲಿ 1342. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ, ಅದು ತಲಾಟಿಯ ಮೊದಲ ಪಾಠ. 1932. ಮಗಳ ಮದುವೆಯಲ್ಲಿ ತವರಿನವರು ಹೆಸರು ಹೊಡೆಸಿ ಕೊಟ್ಟ ಹಂಡೆ.

ಒಳಗೆ ಹೋಗಿ ಆಯಿಯನ್ನು ಕೇಳಿದೆ.

‘ಆಯಿ, ಇದು ಯಾರ ಹಂಡೆ?’

‘ನಮ್ಮದೇ. ಮತ್ತ್ಯಾರದು?’

‘ಇದರ ಮ್ಯಾಲ ಬ್ಯಾರೇರ ಹೆಸರದ.’

ಅವಳು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು, ತಲೆ ಎತ್ತಲಿಲ್ಲ. ‘ನೀರ್ ಕಾಯ್ತಾವಿಲ್ಲೋ? ಕಾಯ್ತಾವು. ಓದೂದೇನದ ಅದರಾಗ.’

ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಅವಳೇ ಹೇಳಿದಳು. 1948ರ ಬೇಸಿಗೆಯಲ್ಲಿ ರಜಾಕಾರರು, ಅಂದರೆ ನಿಜಾಮರ ಆಳ್ವಿಕೆ ಉಳಿಯಲಿ ಎಂದು ಆಯುಧ ಹಿಡಿದ ಖಾಸಗಿ ಪಡೆಯವರು, ಊರಿಗೆ ಬಂದರು. ನಮ್ಮವರು ಎರಡು ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಸೊಲ್ಲಾಪುರದ ಕಡೆ ಓಡಿದರು. ಜೋಳ ಕಾಯಲು ಹಿಂದುಳಿದ ನನ್ನ ಚಿಕ್ಕ ಮುತ್ಯಾನನ್ನು, ಅಂದರೆ ಅಜ್ಜನ ತಮ್ಮನನ್ನು, ಮನೆಯ ಕಟ್ಟೆಯ ಮೇಲೆಯೇ ಕಡಿದರು. ಮನೆ ಲೂಟಿಯಾಯಿತು, ಹಂಡೆ ಕೊಡ ಸಹಿತ. ದಸರೆ ಕಳೆದ ಮೇಲೆ ನಮ್ಮವರು ವಾಪಸು ಬಂದಾಗ ನಮ್ಮ ಮನೆಯೂ ಖಾಲಿ, ಸಾಬರ ಓಣಿಯೂ ಖಾಲಿ. ‘ಎಲ್ಲಾರೂ ತಂದ್ರು, ನಿಮ್ಮ ಮುತ್ಯಾನೂ ತಂದ. ನಮ್ಮದು ಹೋಗಿತ್ತಲ್ಲ.’

‘ಆ ಮನಿಯವರು?’

‘ಹೋದ್ರು.’

ಸತ್ತುಹೋದರೋ, ಹೈದರಾಬಾದಿಗೆ ಹೋದರೋ ಎಂದು ಕೇಳಿದೆ. ಆಯಿ ಗೋಡೆ ಕಡೆ ಹೊರಳಿ ಮಲಗಿದಳು. ನಮ್ಮ ಭಾಷೆಯಲ್ಲಿ ಆ ಎರಡಕ್ಕೂ ಒಂದೇ ಮಾತು ಸಾಕಾಗುತ್ತದೆ.

ಮರುವಾರ ದಾಖಲೆ ಕೋಣೆಯಲ್ಲಿ ಆ ತಂದೆಯ ಹೆಸರು ಹುಡುಕಿದೆ. ಹಳೆಯ ದಾಖಲೆಯಲ್ಲಿ ಹನ್ನೊಂದು ಎಕರೆ ಚಿಲ್ಲರೆ ಇತ್ತು. 1954-55ರ ಖಾಸ್ರಾ ಪಹಣಿಯಲ್ಲಿ ಅದೇ ಸರ್ವೆ ನಂಬರಿಗೆ ಬೇರೆ ಹೆಸರು. ನಡುವೆ ಫೌತಿ ನಮೂದು ಇಲ್ಲ, ಖರೀದಿ ನಮೂದೂ ಇಲ್ಲ. ಸತ್ತ ಎಂದು ಬರೆದಿಲ್ಲ, ಮಾರಿದ ಎಂದೂ ಬರೆದಿಲ್ಲ. ದಾಖಲೆಯಲ್ಲೂ ‘ಹೋದ್ರು’. ಮಗಳ ಹೆಸರಂತೂ ಸರಕಾರದ ಯಾವ ಕಾಗದದಲ್ಲೂ ಸಿಗಲಿಲ್ಲ, ಹೆಣ್ಣುಮಕ್ಕಳ ಹೆಸರಿನಲ್ಲಿ ಆಗ ಜಮೀನು ಎಲ್ಲಿರುತ್ತಿತ್ತು. ಆಕೆ ಇದ್ದಳು ಎನ್ನುವುದಕ್ಕೆ ನನಗೆ ಗೊತ್ತಿರುವ ಒಂದೇ ದಾಖಲೆ ನಮ್ಮ ಬಚ್ಚಲಲ್ಲಿದೆ.

ಮಾನ್ಯರೇ, ಆಯಿ ಹೇಳಿದ ‘ನಮ್ಮದು ಹೋಗಿತ್ತಲ್ಲ’ ಎಂಬ ಮಾತನ್ನು ನಾನು ವರ್ಷಗಟ್ಟಲೆ ತಿರುವಿ ಹಾಕಿದ್ದೇನೆ. ಕೇಳಲು ಸರಿಯಾಗಿಯೇ ಕೇಳುತ್ತದೆ. ಆದರೆ ನಮ್ಮ ಹಂಡೆ ಒಯ್ದವನು ಯಾವನೋ ರಜಾಕಾರ. ನಾವು ಹಂಡೆ ತಂದದ್ದು 1932ರಲ್ಲಿ ಮದುವೆಯಾದ ಒಬ್ಬ ಹೆಂಗಸಿನ ಮನೆಯಿಂದ. ಒಬ್ಬನ ಬಾಕಿಯನ್ನು ಇನ್ನೊಬ್ಬನ ಖಾತೆಗೆ ಹಾಕಿ ವಸೂಲಿ ತೋರಿಸಿದ ತಲಾಟಿಯನ್ನು ಮೇಲಧಿಕಾರಿಗಳು ಅದೇ ದಿನ ಅಮಾನತು ಮಾಡುತ್ತಾರೆ, ಇಬ್ಬರೂ ಒಂದೇ ಜಾತಿಯವರು ಸ್ವಾಮಿ ಎಂದರೆ ಬಿಡುವುದಿಲ್ಲ. ಯುದ್ಧದಲ್ಲಿ ಮಾತ್ರ ಇದೇ ಸುಳ್ಳು ಲೆಕ್ಕ ನ್ಯಾಯವಾಗಿ ಚಲಾವಣೆಯಾಗುತ್ತದೆ. ಅವರು ನಮ್ಮವರನ್ನು ಕೊಂದರು, ನಾವು ಅವರನ್ನು ಕೊಂದೆವು, ಚುಕ್ತಾ. ಕೊಂದವನೂ ಸತ್ತವನೂ ‘ಅವರು’ ಎಂಬ ಒಂದೇ ಖಾತೆಯಲ್ಲಿ ಕರಗಿಹೋಗುತ್ತಾರೆ. ನಾಗರಿಕರ ಸಾವಿಗೆ ಹೊಣೆ ಯಾರು ಎಂಬ ಪ್ರಶ್ನೆ ಹೆಚ್ಚಾಗಿ ಕೆಡುವುದು ಇಲ್ಲಿಯೇ.

ರಜಾಕಾರರು ಮಾಡಿದ್ದನ್ನು ನಾನು ಸಣ್ಣದು ಮಾಡುತ್ತಿಲ್ಲ. ಮಾಡಲು ನಮ್ಮ ಮನೆಯ ಕಟ್ಟೆಯೇ ಬಿಡುವುದಿಲ್ಲ. ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಹೇಳುತ್ತಾರೆ. 2023ರಲ್ಲಿ ಅಲ್ಲಿ ಸ್ಮಾರಕ ಉದ್ಘಾಟನೆಯಾಯಿತು, 103 ಅಡಿ ಎತ್ತರದ ಧ್ವಜಸ್ತಂಭವೂ ಬಂತು. ಬರಬೇಕಾದದ್ದೇ, ತಡವಾಗಿ ಬಂತು. ರಜಾಕಾರರ ಕೈಗೆ ಸತ್ತವರಲ್ಲಿ ಶೋಯೆಬುಲ್ಲಾ ಖಾನ್ ಕೂಡ ಒಬ್ಬರು. ಹೈದರಾಬಾದಿನ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕರು. ಸಂಸ್ಥಾನ ಭಾರತಕ್ಕೆ ಸೇರಲಿ ಎಂದು ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ಅವರನ್ನು ಕೊಂದರು. ಅವರನ್ನು ಯಾವ ಖಾತೆಗೆ ಹಾಕುತ್ತೀರಿ?

ಇನ್ನು ಹೊಣೆ ಹೊರಬೇಕಾದ ದೊಡ್ಡವರ ಕಥೆ. ರಜಾಕಾರರ ಮುಖಂಡ ಖಾಸಿಂ ರಜ್ವಿ ಕೆಲವು ವರ್ಷ ಜೈಲಿನಲ್ಲಿದ್ದು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಅವನ ಪಡೆ ಊರೂರು ಸುಡುವಾಗ ಗಾದಿಯ ಮೇಲಿದ್ದ ನಿಜಾಮರನ್ನು 1950ರ ಜನವರಿ 26ರಂದು ಅದೇ ರಾಜ್ಯದ ರಾಜಪ್ರಮುಖರನ್ನಾಗಿ, ಅಂದರೆ ಈಗಿನ ರಾಜ್ಯಪಾಲರಂಥ ಮುಖ್ಯಸ್ಥರನ್ನಾಗಿ, ಮಾಡಲಾಯಿತು. 1956ರವರೆಗೂ ಆ ಗೌರವದಲ್ಲೇ ಇದ್ದರು. ರಾಜಕಾರಣಕ್ಕೆ ಅದರದ್ದೇ ಕಾರಣಗಳಿರಬಹುದು, ನಾನು ತಲಾಟಿ, ನನಗೆ ಅಷ್ಟು ತಿಳಿಯುವುದಿಲ್ಲ. ಮೇಲಿನವನ ಖಾತೆ ಮನ್ನಾ ಆಯಿತು, ಆ ಬಾಕಿಯನ್ನು ನಮ್ಮೂರಿನ ಓಣಿಯವರಿಂದ ವಸೂಲು ಮಾಡಲಾಯಿತು ಎಂಬುದಷ್ಟು ಕಾಣುತ್ತದೆ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ಎಲ್ಲ ಮುಗಿಯಿತು. ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. ನಮಗೆ ಪಾಠ ಇಲ್ಲಿಗೆ ಮುಗಿಯುತ್ತದೆ, ಧ್ವಜ ಏರುತ್ತದೆ. ಆದರೆ ಆ ವರ್ಷದ ನವೆಂಬರ್ ಕೊನೆಯಲ್ಲಿ ನೆಹರೂ ಅವರ ಸೂಚನೆಯ ಮೇರೆಗೆ ಒಂದು ಸಮಿತಿ ಈ ಕಡೆ ಬಂತು. ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫ್ಫಾರ್ ಅದರ ಪ್ರಮುಖರು. ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿದರು. ತಾವು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಕೂರಿಸಿ ಕೇಳಿದರು. ಅವರ ಅಂದಾಜು: ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ನಂತರ, ಕಡಿಮೆ ಹಿಡಿದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಆಗ ಯಾದಗಿರಿಯೂ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ಅಂದರೆ ನಿಮ್ಮ ಧ್ವಜ ಏರುವ ಜಿಲ್ಲೆಯೂ ಆ ನಾಲ್ಕರಲ್ಲಿ ಒಂದು.

ವರದಿ ದೆಹಲಿ ತಲುಪಿತು, ಪ್ರಕಟವಾಗಲಿಲ್ಲ. ಪಟೇಲರಿಗೆ ಅದು ಒಪ್ಪಿಗೆಯಾಗಲಿಲ್ಲ, ರಜಾಕಾರರ ಕೃತ್ಯವನ್ನು ಬದಿಗಿಟ್ಟು ಒಂದೇ ಕಡೆ ನೋಡಿದ್ದೀರಿ ಎಂಬುದು ತಕರಾರು. ತಕರಾರಿನಲ್ಲಿ ಹುರುಳಿದ್ದರೆ ಇನ್ನೊಂದು ಕಡೆಯನ್ನೂ ಎಣಿಸಬಹುದಿತ್ತು. ಎರಡನ್ನೂ ಎಣಿಸಲಿಲ್ಲ. ದಶಕಗಳ ಕಾಲ ಕಡತ ಕಡತದಲ್ಲೇ ಉಳಿಯಿತು.

ನನ್ನ ಕಣ್ಣು ಮೊದಲು ಬೀಳುವುದು ಅಂಕಿಗಳ ರೀತಿಯ ಮೇಲೆ, ಕಸುಬಿನ ಚಾಳಿ. ಆ ಐದು ದಿನಗಳಲ್ಲಿ ಸತ್ತ ಹೈದರಾಬಾದ್ ಸೇನೆಯವರು 807, ರಜಾಕಾರರು 1,373 ಎಂದು ಪುಸ್ತಕಗಳು ಹೇಳುತ್ತವೆ. ಬಂದೂಕು ಹಿಡಿದು ಸತ್ತವರಿಗೆ ಬಿಡಿ ಸ್ಥಾನದವರೆಗೂ ಲೆಕ್ಕವಿದೆ. ಬರಿಗೈಯಲ್ಲಿ ಸತ್ತವರಿಗೆ 27 ಸಾವಿರದಿಂದ 40 ಸಾವಿರ. ನಡುವಿನ 13 ಸಾವಿರ ಜನ ಸತ್ತರೋ ಬದುಕಿದರೋ? ಅದು ಒಂದು ತಾಲ್ಲೂಕು ಕೇಂದ್ರದಷ್ಟು ಜನ. ಒಬ್ಬ ರೈತನ ಪಹಣಿಯಲ್ಲಿ ಎರಡು ಗುಂಟೆ ವ್ಯತ್ಯಾಸ ಬಂದದ್ದಕ್ಕೆ ನಾನು ಮೂರು ಸಲ ನೋಟಿಸು ತಿಂದಿದ್ದೇನೆ, ಸ್ವಾಮಿ.

ಹೆಸರಿನ ಬಗ್ಗೆಯೂ ಒಂದು ಮಾತು. ಟ್ಯಾಂಕು ಬಂತು, ವಿಮಾನ ಬಂತು, ಬೀದರಿನ ವಿಮಾನ ನಿಲ್ದಾಣದ ಮೇಲೆ ದಾಳಿಯಾಯಿತು. ಆದರೂ ಅದಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೆಸರಿಟ್ಟರು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಮುದುಕರು ‘ಆಕ್ಷನ್ ಆದಾಗ’ ಅಂತಲೇ ವಯಸ್ಸು ಹೇಳುತ್ತಾರೆ. ಒಳಗಿನ ವಿಷಯ, ಹೊರಗಿನವರು ಮೂಗು ತೂರಿಸಬೇಡಿ ಎನ್ನಲು ಆ ಹೆಸರು ಆಗ ಬೇಕಾಗಿತ್ತು ಎಂಬುದು ಅರ್ಥವಾಗುತ್ತದೆ. ಆದರೆ ಅದರ ಇನ್ನೊಂದು ಉಪಯೋಗ ಇದು: ಯುದ್ಧವೇ ಅಲ್ಲ ಎಂದ ಮೇಲೆ ಯುದ್ಧದಲ್ಲಿ ಸತ್ತ ನಾಗರಿಕರು ಎಲ್ಲಿಂದ ಬರಬೇಕು. ಯುದ್ಧಕಾಲದಲ್ಲಿ ನಾಗರಿಕರನ್ನು ಕಾಯುವ ಜಿನೀವಾ ಒಪ್ಪಂದ ಬಂದದ್ದು 1949ರ ಆಗಸ್ಟಿನಲ್ಲಿ, ನಮ್ಮೂರಿನ ಓಣಿ ಖಾಲಿಯಾಗಿ ವರ್ಷ ತುಂಬುವ ಹೊತ್ತಿಗೆ. ದೇಶದೊಳಗಿನ ಹೋರಾಟದಲ್ಲೂ ಆಯುಧ ಹಿಡಿಯದವರನ್ನು ಕೊಲ್ಲಬಾರದು ಎಂದು ಅದರ ಮೂರನೆಯ ಕಲಮು ಹೇಳುತ್ತದೆ. ಅದನ್ನು ಭಾರತ 1950ರಲ್ಲೇ ಒಪ್ಪಿಕೊಂಡಿತು.

ಹಾಗಾದರೆ ಹೊಣೆ ಸೈನಿಕರದ್ದೇ? ಅಷ್ಟು ಸಲೀಸಾಗಿ ಹೇಳಲಾರೆ. ಕೆಲವು ಊರುಗಳಲ್ಲಿ ಸಮವಸ್ತ್ರದವರೇ ಗಂಡಸರನ್ನು ಹೊರಗೆಳೆದು ಕೊಂದರು, ಲೂಟಿಗೆ ಗುಂಪನ್ನು ಹುರಿದುಂಬಿಸಿದರು ಎಂದು ಸಮಿತಿ ಬರೆದಿದೆ. ಸೇನೆಯ ಒಟ್ಟು ಶಿಸ್ತನ್ನು ಹೊಗಳಿಯೂ ಇದೆ. ಬಹಳ ಕಡೆ ಕೊಂದವರು ಸೈನಿಕರಲ್ಲ, ಪಕ್ಕದ ಓಣಿಯವರು. ಆಜ್ಞೆ ಕೊಟ್ಟವನು, ಕೈ ಎತ್ತಿದವನು, ತಡೆಯುವ ಬಲವಿದ್ದೂ ಬೆನ್ನು ತಿರುಗಿಸಿ ನಿಂತವನು, ನಾಲ್ಕು ದಿನ ಬಿಟ್ಟು ಹೋಗಿ ಹಂಡೆ ತಂದವನು. ಎಲ್ಲರ ಪಾಲೂ ಒಂದೇ ಅಲ್ಲ. ಆದರೆ ಪಾಲು ಇಲ್ಲದವನು ಇವರಲ್ಲಿ ಯಾವನೂ ಇಲ್ಲ, ನನ್ನ ಮುತ್ಯಾ ಸೇರಿದಂತೆ. ಹೊಣೆಯನ್ನು ಜಮೀನಿನ ಹಾಗೆ ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಸಣ್ಣದಾಗುತ್ತದೆ ಎಂದು ಜನ ತಿಳಿಯುತ್ತಾರೆ. ಅದು ಸಾಲಕ್ಕೆ ಜಾಮೀನು ಬಿದ್ದ ಹಾಗೆ, ಹತ್ತು ಜನ ಸಹಿ ಮಾಡಿದರೆ ಹತ್ತೂ ಜನರ ಮೇಲೆ ಪೂರ್ತಿ ಸಾಲ.

ತಡೆದವರೂ ಇದ್ದರು. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ತಮ್ಮ ಜೀವ ಪಣಕ್ಕಿಟ್ಟು ಕಾಪಾಡಿದರು, ಕೆಲವರು ಜೀವವನ್ನೇ ಕೊಟ್ಟರು ಎಂದು ಅದೇ ವರದಿಯಲ್ಲಿದೆ. ನನ್ನ ನೌಕರಿಯ ದಿನಗಳಲ್ಲಿ ಪಕ್ಕದ ಹೋಬಳಿಯ ಒಬ್ಬ ರೈತರು ತಮ್ಮ ಹಗೇವು ತೋರಿಸಿದ್ದರು. ಈಗಿನ ಹುಡುಗರಿಗೆ ಹಗೇವು ಗೊತ್ತಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ, ಬಾಯಿ ಕಿರಿದು, ಹೊಟ್ಟೆ ಅಗಲ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಅವರಪ್ಪ ಅದರೊಳಗೆ ಒಬ್ಬ ಪಿಂಜಾರನನ್ನೂ ಅವನ ಇಬ್ಬರು ಮಕ್ಕಳನ್ನೂ ಆರು ದಿನ ಇಟ್ಟಿದ್ದರಂತೆ. ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ, ಜೋಳ ತೆಗೆಯಲು ಇಳಿಯುವ ಮೊದಲು ದೀಪ ಇಳಿಬಿಟ್ಟು ಆರುತ್ತದೋ ಇಲ್ಲವೋ ನೋಡುತ್ತಾರೆ. ಹಾಗಾಗಿ ರಾತ್ರಿ ಎರಡೆರಡು ತಾಸಿಗೊಮ್ಮೆ ಎದ್ದು ಚಪ್ಪಡಿ ಸರಿಸಿ, ಮೊರದಿಂದ ಗಾಳಿ ಬೀಸುತ್ತಿದ್ದರಂತೆ. ‘ಯಾರರೆ ಕೇಳಿದ್ರ, ಜ್ವಾಳಕ್ಕ ಹುಳ ಬಿದ್ದಾವ, ಗಾಳಿ ಹಾಕ್ಲಿಕತ್ತೀನಿ ಅಂತಿದ್ದ ನಮ್ಮಪ್ಪ’ ಎಂದು ನಕ್ಕರು. ಮೊರದಿಂದ ಗಾಳಿ ಬೀಸಿದವನಿಗೆ ಯಾವ ಕಾನೂನೂ ಗೊತ್ತಿರಲಿಲ್ಲ. ಅವರ ಹೆಸರೂ ಯಾವ ಕಲ್ಲಿನ ಮೇಲೂ ಇಲ್ಲ. ಸತ್ತವರ ಪಟ್ಟಿ ಮಾಡಿದರೆ ಉಳಿಸಿದವರ ಪಟ್ಟಿ ತಾನಾಗಿಯೇ ಬರುತ್ತದೆ, ಅದು ನನ್ನ ಸ್ವಾರ್ಥ.

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಹಳೆಯ ಮೇಲ್ಪಂಕ್ತಿ ಇದೆ, ಅರ್ಧ ಒಳ್ಳೆಯದು, ಅರ್ಧ ಕೆಟ್ಟದ್ದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾ ಪರಮೇಶ್ವರಿ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಚಪ್ಪಡಿ ನೋಡಿದರೆ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋದವು. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ಯಲಾಯಿತು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು ಎಂದು ಗೆದ್ದ ರಾಜನೇ ಕಲ್ಲಿನಲ್ಲಿ ಕೆತ್ತಿಸಿದ. ಅದು ಅವನ ಬಂಡೆಗಲ್ಲು ಶಾಸನಗಳ ಸಾಲಿನಲ್ಲಿ 13ನೆಯ ಶಾಸನ. ಆಯುಧ ಹಿಡಿಯದ ಗೃಹಸ್ಥರು, ಶ್ರಮಣರು, ತಮಗೆ ಏನೂ ಆಗದಿದ್ದರೂ ತಮ್ಮವರನ್ನು ಕಳೆದುಕೊಂಡವರು, ಎಲ್ಲರ ನೋವನ್ನೂ ಅದರಲ್ಲಿ ತನ್ನ ಮೇಲೆ ಹಾಕಿಕೊಂಡ. ಗೆದ್ದವನು ತಾನಾಗಿ ಲೆಕ್ಕ ಕೊಟ್ಟದ್ದು ಲೋಕದಲ್ಲಿ ಎಷ್ಟು ಸಲ ನಡೆದಿದೆಯೋ.

ಇನ್ನರ್ಧ ಕೇಳಿ. ಆ 13ನೆಯ ಶಾಸನ ಶಹಬಾಜ್‌ಗಢಿಯಲ್ಲಿದೆ, ಕಾಲ್ಸಿಯಲ್ಲಿದೆ, ಗಿರ್ನಾರಿನಲ್ಲಿದೆ. ಕಳಿಂಗದಲ್ಲಿ ಇಲ್ಲ. ಧೌಲಿ, ಜೌಗಡದ ಬಂಡೆಗಳ ಮೇಲೆ ಅದನ್ನು ಬಿಟ್ಟು, ಬದಲಿಗೆ ಎರಡು ಪ್ರತ್ಯೇಕ ಶಾಸನ ಹಾಕಿಸಿದ. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಅಧಿಕಾರಿಗಳೇ, ಯಾರನ್ನೂ ಸುಮ್ಮನೆ ಸೆರೆಗೆ ಹಾಕಬೇಡಿ ಎಂದು. ಸನ್ನತಿಯ ಚಪ್ಪಡಿಯಲ್ಲೂ ಆ ಎರಡು ಇವೆ, ಜೊತೆಗೆ 12 ಮತ್ತು 14ನೆಯವು. 13ನೆಯದು ಕಾಣುವುದಿಲ್ಲ. ಯಾರ ಮನೆಯಲ್ಲಿ ಸಾವಾಗಿತ್ತೋ ಅವರಿಗೆ ಒಳ್ಳೆಯ ಆಡಳಿತದ ಭರವಸೆ, ಸಾವಿನ ಲೆಕ್ಕ ದೂರದವರಿಗೆ. ನಮಗೆ ವರ್ಷ ವರ್ಷ ಸಿಗುವ ಘೋಷಣೆಗಳನ್ನು ಕೇಳುವಾಗ ನನಗೆ ಧೌಲಿಯ ಬಂಡೆ ನೆನಪಾದರೆ ಕ್ಷಮಿಸಿ.

ಇಷ್ಟು ಹಳೆಯದನ್ನು ಈಗ ಹೇಗೆ ಎಣಿಸುವುದು ಎನ್ನುತ್ತೀರಿ. ಬಾಂಬು ಬೀಳುತ್ತಿರುವಾಗಲೇ ಎಣಿಸಿದವರಿದ್ದಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ಕೊಂದ ಸುಮಾರು 1,200 ಜನರ ಹೆಸರು, ಮುಖ, ವಯಸ್ಸನ್ನು ಇಸ್ರೇಲಿನವರು ಒಂದೊಂದಾಗಿ ಪ್ರಕಟಿಸಿದರು. ಅದೇ ತಿಂಗಳ ಕೊನೆಗೆ ಗಾಜಾದ ಆರೋಗ್ಯ ಇಲಾಖೆ ಇಸ್ರೇಲಿನ ದಾಳಿಯಲ್ಲಿ ಸತ್ತ ಆರೂವರೆ ಸಾವಿರಕ್ಕೂ ಹೆಚ್ಚು ಜನರ ಹೆಸರು, ವಯಸ್ಸು, ಗುರುತಿನ ಸಂಖ್ಯೆಗಳ ಪಟ್ಟಿ ಕೊಟ್ಟಿತು. ಮುಂದಿನ ವರ್ಷ ಆ ಪಟ್ಟಿ ಬೆಳೆದು ಬೆಳೆದು, ವಯಸ್ಸಿನ ಕಲಮಿನಲ್ಲಿ ಸೊನ್ನೆ ಇರುವ ಕೂಸುಗಳ ಹೆಸರೇ ಮೊದಲ ಹದಿನಾಲ್ಕು ಪುಟ ತುಂಬಿತು. ಕರೆಂಟಿಲ್ಲದ ಆಸ್ಪತ್ರೆಯಲ್ಲಿ ಯಾರೋ ಒಬ್ಬ ಗುಮಾಸ್ತ ಕೂತು ಟೈಪು ಮಾಡಿರಬೇಕು. ನನ್ನ ಕಸುಬಿನವನು. ಅವನಿಗೆ ನಾನು ಮನಸ್ಸಿನಲ್ಲೇ ಸಲಾಂ ಹೇಳಿದ್ದೇನೆ.

ಅಮೆರಿಕೆಯವರು 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಒಂದು ಕಾರಿನ ಮೇಲೆ ಡ್ರೋನ್ ಹಾರಿಸಿ ಉಗ್ರರನ್ನು ಕೊಂದೆವು ಎಂದರು. ಸತ್ತವರು ಹತ್ತು ಜನ ನಾಗರಿಕರು, ಅದರಲ್ಲಿ ಏಳು ಮಕ್ಕಳು. ತಪ್ಪಾಯಿತು ಎಂದು ಒಪ್ಪಿಕೊಂಡದ್ದು ಸೆಪ್ಟೆಂಬರ್ 17ಕ್ಕೆ. ನಮ್ಮ ಧ್ವಜದ ದಿನವೇ, ಕಾಕತಾಳೀಯ. ಆಮೇಲೆ ಯಾರಿಗೂ ಶಿಕ್ಷೆಯಾಗಲಿಲ್ಲ, ಆ ಒಪ್ಪಿಗೆಯೂ ಅರ್ಧದ್ದೇ. ಆದರೂ ಹತ್ತೊಂಬತ್ತು ದಿನ ಎಲ್ಲಿ, ನಮ್ಮ ಎಪ್ಪತ್ತೈದಕ್ಕೂ ಮೇಲ್ಪಟ್ಟ ವರ್ಷ ಎಲ್ಲಿ.

ಹೆಸರು ಬರೆಯದೇ ಬಿಟ್ಟರೆ ಸುಮ್ಮನೆ ಖಾಲಿ ಉಳಿಯುವುದಿಲ್ಲ, ಬೇರೆಯವರು ತಮಗೆ ಬೇಕಾದದ್ದನ್ನು ಬರೆಯುತ್ತಾರೆ. 2025ರ ಮೇ 7ರಂದು ಪಾಕಿಸ್ತಾನದ ಶೆಲ್ ದಾಳಿಗೆ ಪೂಂಛ್‌ನಲ್ಲಿ ಸತ್ತ ನಮ್ಮದೇ ದೇಶದ ಒಬ್ಬ ಮದರಸಾ ಶಿಕ್ಷಕರನ್ನು ನಮ್ಮದೇ ಕೆಲವು ಟಿವಿ ಚಾನೆಲ್‌ಗಳು ಉಗ್ರ ಎಂದು ತೋರಿಸಿದವು. ಅಲ್ಲಿನ ಪೊಲೀಸರೇ ಅದು ಸುಳ್ಳು ಎಂದು ಹೇಳಬೇಕಾಯಿತು. ನಾನು ಆ ಸುದ್ದಿಯನ್ನು ಕಲಬುರಗಿಯ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನೋಡಿದೆ. ಸುತ್ತಲಿದ್ದವರು ಶಹಬ್ಬಾಸ್ ಎಂದರು. ನಾನೂ ಬಾಯಿ ತೆರೆಯಲಿಲ್ಲ, ಚಹಾ ಕುಡಿದು ಎದ್ದು ಬಂದೆ.

ಹಳೆಯ ಗಾಯ ಕೆದಕಬೇಡಿ ಎಂದು ನನಗೆ ಹೇಳುವ ಹಿತೈಷಿಗಳು ಬಹಳ ಜನ, ಮನೆಯಲ್ಲೇ ಇಬ್ಬರು. ಪ್ರತಿ ಸೆಪ್ಟೆಂಬರಿನಲ್ಲಿ ಮೈಕು ಹಚ್ಚಿ ಅರ್ಧ ಗಾಯವನ್ನು ಕೆದಕುತ್ತಲೇ ಇದ್ದೇವಲ್ಲ. ಪಕ್ಕದ ತೆಲಂಗಾಣದಲ್ಲಿ 2022ರಲ್ಲಿ ಅದೇ ದಿನವನ್ನು ಕೇಂದ್ರ ಸರಕಾರ ವಿಮೋಚನಾ ದಿನ ಎಂದಿತು, ರಾಜ್ಯ ಸರಕಾರ ಏಕತಾ ದಿನ ಎಂದಿತು. ಹೆಸರಿಗಾಗಿ ಅಷ್ಟು ಜಗಳ, ಸತ್ತವರ ಹೆಸರಿಗಾಗಿ ಒಂದು ಕಾಗದವೂ ಇಲ್ಲ.

ನಾನು ಕೇಳುವುದು ಸಣ್ಣದು. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ಕೊಪ್ಪಳದ ಪ್ರತಿ ಗ್ರಾಮಕ್ಕೆ ಒಂದು ಪಟ್ಟಿ. 1947ರ ಆಗಸ್ಟಿನಿಂದ 1948ರ ಡಿಸೆಂಬರಿನವರೆಗೆ ಆ ಊರಿನಲ್ಲಿ ಹಿಂಸೆಗೆ ಸತ್ತ, ಆಯುಧ ಹಿಡಿಯದ ಪ್ರತಿಯೊಬ್ಬರ ಹೆಸರು. ಕೊಂದವರು ರಜಾಕಾರರಿರಲಿ, ಗುಂಪಿರಲಿ, ಸಮವಸ್ತ್ರದವರಿರಲಿ, ಒಂದೇ ಪಟ್ಟಿ. ಧರ್ಮದ ಕಲಮು ಬೇಡ. ತಂದೆಯ ಅಥವಾ ತಾಯಿಯ ಹೆಸರು, ಅಂದಾಜು ವಯಸ್ಸು, ಕಸುಬು, ಯಾರ ಕೈಯಿಂದ ಎಂಬುದು ಗೊತ್ತಿದ್ದರೆ ಅದು.

ಹೇಗೆ ಮಾಡುವುದೆಂದು ನನಗೆ ಗೊತ್ತು. ಮೊದಲು ಸೇತ್ವಾರು ಮತ್ತು ಖಾಸ್ರಾ ಪಹಣಿ ಪಕ್ಕ ಪಕ್ಕ ಇಟ್ಟು, ಫೌತಿಯೂ ಇಲ್ಲದೆ ಖರೀದಿಯೂ ಇಲ್ಲದೆ ಬದಲಾದ ಖಾತೆಗಳನ್ನು ಬೇರೆ ತೆಗೆಯಬೇಕು. ಅಲ್ಲಿ ಜಮೀನಿದ್ದವರು ಸಿಗುತ್ತಾರೆ. ಜಮೀನಿಲ್ಲದವರು, ಹೆಂಗಸರು, ಮಕ್ಕಳು ಸಿಗುವುದಿಲ್ಲ. ಅವರಿಗಾಗಿ ಊರೂರು ಹೋಗಿ ಕೇಳಬೇಕು. 1948ರಲ್ಲಿ ಹತ್ತು ವರ್ಷದವರಿದ್ದವರಿಗೆ ಈಗ ತೊಂಬತ್ತು ಹತ್ತಿರ ಬಂತು. ನನ್ನ ಪರಿಚಯದ ಊರುಗಳಲ್ಲಿ ನೆನಪು ಗಟ್ಟಿ ಇರುವವರು ಬೆರಳೆಣಿಕೆಯಷ್ಟು, ಹೋದ ಮಳೆಗಾಲದಲ್ಲಿ ಅವರಲ್ಲಿಬ್ಬರು ಹೋದರು. ಈ ಸಲ ‘ಹೋದರು’ ಎಂದರೆ ಯಾವ ಅರ್ಥ ಎಂಬುದರಲ್ಲಿ ಸಂಶಯವಿಲ್ಲ, ಮಣ್ಣಿಗೆ ನಾನೇ ಹೋಗಿದ್ದೆ.

ಈ ಕೆಲಸಕ್ಕೆ ಆಯೋಗ ಬೇಡ, ನಿವೃತ್ತ ನ್ಯಾಯಮೂರ್ತಿಗಳೂ ಬೇಡ. ಅವರಿಗೆ ಕಾರು, ಕಚೇರಿ ಕೊಡುವುದರಲ್ಲೇ ಆ ಮುದುಕರ ಆಯುಷ್ಯ ಮುಗಿಯುತ್ತದೆ. ಉರ್ದು ಓದಬಲ್ಲ ನಿವೃತ್ತ ಕಂದಾಯ ನೌಕರರು ಈ ಭಾಗದಲ್ಲಿ ಇನ್ನೂ ಇದ್ದೇವೆ, ಜಿಲ್ಲೆಗೆ ಹತ್ತು ಜನ ಸಿಕ್ಕರೂ ಸಾಕು. ಆಳಂದ ತಾಲ್ಲೂಕನ್ನು ನಾನು ಪುಕ್ಕಟೆ ಮಾಡಿಕೊಡುತ್ತೇನೆ. ನನಗೆ ಬೇಕಿರುವುದು ಹಳೆಯ ದಾಖಲೆ ಕೋಣೆಯಲ್ಲಿ ಕೂರಲು ಒಂದು ಅನುಮತಿ ಪತ್ರ ಮತ್ತು ಸಾಧ್ಯವಾದರೆ ಒಂದು ಫ್ಯಾನು. ಎರಡು ಸಲ ಅರ್ಜಿ ಕೊಟ್ಟೆ, ವಿಷಯ ಸೂಕ್ಷ್ಮ ಎಂದು ಬಾಯಿಮಾತಲ್ಲಿ ಹೇಳಿ ಕಳಿಸಿದರು. ಅದಕ್ಕೇ ಈ ಪತ್ರ ಎಲ್ಲರ ಮುಂದೆ.

ಪಟ್ಟಿಯ ಮೊದಲ ಪುಟವನ್ನು ನಾನು ಶುರು ಮಾಡಿದ್ದೇನೆ. ಮೊದಲನೆಯ ಹೆಸರು ನನ್ನ ಚಿಕ್ಕ ಮುತ್ಯಾನದು: ವಯಸ್ಸು 19, ಒಕ್ಕಲುತನ, ಮನೆಯ ಕಟ್ಟೆಯ ಮೇಲೆ. ಎರಡನೆಯದು ಹಂಡೆಯ ಮೇಲಿನ ಹೆಣ್ಣುಮಗಳದು. ಆಕೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮಕ್ಕಳು ಮೊಮ್ಮಕ್ಕಳು ಎಲ್ಲಾದರೂ ಇದ್ದರೆ ಪತ್ರಿಕೆಯಲ್ಲಿ ಓದಿ ತಿಳಿಯುವುದು ಸರಿಯಲ್ಲ. ವಯಸ್ಸಿನ ಕಲಮಿನಲ್ಲಿ ‘ಸುಮಾರು 32’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಷರಾ ಕಲಮಿನಲ್ಲಿ, ಹೋದರು ಎಂದು ಸಾಕ್ಷಿಯ ಹೇಳಿಕೆ, ಸತ್ತದ್ದು ಖಚಿತವಿಲ್ಲ, ವಿಚಾರಿಸಬೇಕು ಎಂದು ಬರೆದಿದ್ದೇನೆ. ಆಕೆ ಬದುಕಿ ಎಲ್ಲೋ ಸುಖವಾಗಿ ಸತ್ತಿದ್ದಳು ಎಂದು ತಿಳಿದರೆ ಆ ಸಾಲನ್ನು ಹೊಡೆದು ಹಾಕುವಷ್ಟು ಖುಷಿ ನನಗೆ ಬೇರೆ ಯಾವುದರಲ್ಲೂ ಇಲ್ಲ. ಆಗ ಹಂಡೆ ಯಾರಿಗೆ ಮುಟ್ಟಿಸಬೇಕು ಎಂಬುದೂ ತಿಳಿಯುತ್ತದೆ.

ಈ ದೀಪಾವಳಿಗೂ ಅದನ್ನು ನಾನೇ ಬೆಳಗಬೇಕು. ತಿಕ್ಕಿದಷ್ಟೂ ಚುಕ್ಕಿ ಸವೆಯುತ್ತವೆ. ‘ಬಿಂತ್’ ಎಂಬುದರ ಬೇ ಅಕ್ಷರದ ಕೆಳಗಿನ ಚುಕ್ಕಿ ಹೋದ ವರ್ಷ ಬೆರಳಿಗೆ ಹತ್ತುತ್ತಿತ್ತು, ಈಗ ಹತ್ತುತ್ತಿಲ್ಲ. ಆದ್ದರಿಂದ ಅನುಮತಿ ಪತ್ರವನ್ನು ಆದಷ್ಟು ಬೇಗ ಕೊಡಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಾಮ ಲೆಕ್ಕಿಗ
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ